ಸರ್ವೋತ್ತಮಣ್ಣನ ಕಂಪ್ಯೂಟರು ಮಣಿಪಾಲಕ್ಕೆ ಹೋದದ್ದು

ಸ್ವರ್ಣಲತಾ ಕಾರ್ಕಳದ ತಾಯಿಮನೆಗೆ ಹೊರಡುವಾಗ ಗಂಡನಿಗೆ ಹೇಳಿದ್ದು ಒಂದೇ ಮಾತು: “ಬೇಕಾದರೆ ಮನೆಗೆ ಬೆಂಕಿ ಕೊಡಿ, ಮಿಷನಿನ ಕೋಣೆಗೆ ಮಾತ್ರ ಹೋಗಬೇಡಿ.”

ಸರ್ವೋತ್ತಮಣ್ಣ ಎರಡನ್ನೂ ಮಾಡುವ ಪೈಕಿಯಲ್ಲ. ಮಸ್ಕತ್ತಿನಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಒಂದು ಸ್ಕ್ರೂ ಕಡಿಮೆ ಬಂದರೂ ನಿದ್ದೆ ಬಿಡುತ್ತಿದ್ದ ಮನುಷ್ಯ. ಊರಿಗೆ ಬಂದು ಕಾಪುವಿನಲ್ಲಿ ಮನೆ ಕಟ್ಟಿದ ಮೇಲೆ ಸಂಬಳ ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುವರು. ಅಂಚೆಯವನು ಗೇಟಿನ ಹತ್ತಿರ ನಿಂತರೆ ಮೊದಲು ಅಂಗಿ ಹಾಕಿಕೊಳ್ಳುವರು. ಅವರ ಹೆದರಿಕೆಗಳಲ್ಲೆಲ್ಲ ಹಿರಿಯದು ಹೆಂಡತಿಯ ಹೆದರಿಕೆ. ಸ್ವರ್ಣಲತಾ ಕೆಟ್ಟವಳೆಂದಲ್ಲ. ಅವಳು ಹೇಳಿದ್ದು ಯಾವಾಗಲೂ ಸರಿಯಾಗಿರುತ್ತಿತ್ತು, ತೊಂದರೆ ಅಲ್ಲೇ ಇದ್ದದ್ದು.

ಮಿಷನಿನ ಕೋಣೆಯೆಂದರೆ ಸ್ವರ್ಣಲತಾಳ ಕಸೂತಿಯ ಕೋಣೆ. ದೊಡ್ಡದೊಂದು ಕಸೂತಿ ಯಂತ್ರ, ಅದಕ್ಕೆ ಎಲ್ಲಿ ಯಾವ ಬಣ್ಣದ ನೂಲು ಚುಚ್ಚಬೇಕೆಂದು ಹೇಳಿಕೊಡುವ ಹಳೆಯ ಕಂಪ್ಯೂಟರು. ಕಾಪುವಿನಿಂದ ಸಂತೆಕಟ್ಟೆಯವರೆಗೆ ಎಷ್ಟೋ ಮದುವಣಗಿತ್ತಿಯರು ಈ ಕೋಣೆಯಲ್ಲಿ ಅರಳಿದ ಹೂಗಳನ್ನು ಮೈಮೇಲೆ ಹಾಕಿಕೊಂಡೇ ಗಂಡನ ಮನೆಗೆ ಹೋದವರು. ಈಗ ಯಂತ್ರದ ಚೌಕಟ್ಟಿನಲ್ಲಿ ಬಿಗಿದು ನಿಂತದ್ದು ರಿಕ್ಷಾದ ಹಸನಾಕನ ಮಗಳು ನೌಶೀನಳ ಮದುವೆಯ ದುಪಟ್ಟಾ. ಕೆಂಪು ಬಟ್ಟೆಯ ಮೇಲೆ ಚಿನ್ನದ ನೂಲಿನ ದಾಳಿಂಬೆ ಬಳ್ಳಿ. ಬಳ್ಳಿ ಅರ್ಧ ಹಬ್ಬಿತ್ತು. ಮದುವೆ ಬರುವ ಭಾನುವಾರ. ತಾಯಿಮನೆಯಲ್ಲಿ ನಾಗನಿಗೆ ತಂಬಿಲದ ಪೂಜೆ ಇದ್ದದ್ದರಿಂದ ಕೆಲಸ ನಿಲ್ಲಿಸಿ ಸ್ವರ್ಣಲತಾ ಹೋಗಿದ್ದಳು. ಶುಕ್ರವಾರ ಬಂದು ಉಳಿದದ್ದನ್ನು ಮುಗಿಸುವುದೆಂದು ಲೆಕ್ಕ.

ಹೀಗಿರುವಾಗ ಸರ್ವೋತ್ತಮಣ್ಣ ಆ ಕೋಣೆಗೆ ಯಾಕೆ ಹೋದರು? ಯಕ್ಷಗಾನಕ್ಕೋಸ್ಕರ. ಮೂಡುಬಿದಿರೆ ಕಡೆಯ ಒಂದು ಆಟ ನೇರಪ್ರಸಾರ ಬರುತ್ತಿತ್ತು, ಮೊಬೈಲಿನಲ್ಲಿ ಚೆಂಡೆ ಡಬ್ಬಿ ಬಡಿದ ಹಾಗೆ ಕೇಳುತ್ತಿತ್ತು. ಕಂಪ್ಯೂಟರಿನ ಪರದೆ ದೊಡ್ಡದು, ಪಕ್ಕದಲ್ಲಿ ಸ್ಪೀಕರು ಬೇರೆ. ಮೇಲಾಗಿ ಅವರು ಪೇಟೆಯಲ್ಲಿ “ಮನೆಯಲ್ಲಿ ಸಿಸ್ಟಮ್ ಎಲ್ಲ ನೋಡಿಕೊಳ್ಳುವುದು ನಾನೇ” ಎಂದು ಹೇಳಿಕೊಂಡಿದ್ದರು. ಸಿಸ್ಟಮಿನ ಮೇಲಿನ ಧೂಳು ಒರೆಸುವುದು ಅವರೇ ಆದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಸ್ವರ್ಣಲತಾ ಬುದ್ಧಿವಂತಿಕೆಯಿಂದ ತೆಗೆದಿಟ್ಟಿದ್ದ ಇಂಟರ್ನೆಟ್ಟಿನ ವಯರನ್ನು ಹುಡುಕಿ ಚುಚ್ಚಿದರು.

ರಾಕ್ಷಸ ಪ್ರವೇಶ ಆಗುವ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ನೀಲಿ ಬಣ್ಣ ಬಂತು.

“ನಿಮ್ಮ ಕಂಪ್ಯೂಟರಿಗೆ ನಮ್ಮ ಬೆಂಬಲ ಮುಗಿದಿದೆ. ನೀವು ಅಪಾಯದಲ್ಲಿದ್ದೀರಿ. ಹೊಸ ಆವೃತ್ತಿಗೆ ಬದಲಾಗಿ.”

ಕೆಳಗೆ ಎರಡು ಗುಂಡಿಗಳು. ಒಂದರಲ್ಲಿ ‘ಈಗಲೇ’, ಇನ್ನೊಂದರಲ್ಲಿ ‘ಇಂದು ರಾತ್ರಿ’. ‘ಬೇಡ’ ಎನ್ನುವುದು ಎಲ್ಲಿಯೂ ಇರಲಿಲ್ಲ. ಸರ್ವೋತ್ತಮಣ್ಣ ಕನ್ನಡಕ ಒರೆಸಿ ನಾಲ್ಕು ಮೂಲೆಯೂ ಹುಡುಕಿದರು. ಕಾಪುವಿನಲ್ಲಿ ಮೀನು ಮಾರುವ ಹೆಂಗಸು ಕೂಡ ‘ಇವತ್ತು ಬೇಡ’ ಎಂದರೆ ಬುಟ್ಟಿ ಎತ್ತಿಕೊಂಡು ಮುಂದೆ ಹೋಗುತ್ತಾಳೆ. ಈ ಕಂಪನಿಯವರಿಗೆ ಆ ಮರ್ಯಾದೆಯೂ ಇರಲಿಲ್ಲ. ರಾತ್ರಿ ತಾವು ಮಲಗಿರುವಾಗ ಕತ್ತಲ ಕೋಣೆಯಲ್ಲಿ ಅದು ತನ್ನಷ್ಟಕ್ಕೆ ಎಂತ ಮಾಡೀತು ಎಂಬುದೇ ಅವರ ಹೆದರಿಕೆ. ಅದಕ್ಕಿಂತ ಕಣ್ಣೆದುರಿಗೇ ಆಗಲಿ ಎಂದು ‘ಈಗಲೇ’ ಒತ್ತಿದರು.

“ಕಂಪ್ಯೂಟರನ್ನು ಆಫ್ ಮಾಡಬೇಡಿ” ಎಂಬ ಆಜ್ಞೆ ಬಂತು. ಅವರು ಮಾಡಲಿಲ್ಲ. ಊಟ ಬಿಟ್ಟು ಕಾವಲು ನಿಂತರು. ಆದರೆ ಆ ಆಜ್ಞೆ ಕರೆಂಟಿಗೆ ತಲುಪಿರಲಿಲ್ಲ. ಅರ್ಧದಲ್ಲಿ ಕರೆಂಟು ಹೋಯಿತು, ಬಂತು, ಪುನಃ ಹೋಯಿತು, ಬಂತು. ಕಡೆಗೆ ಪರದೆಯ ಮೇಲೆ ಯಾವುದೋ ದೇಶದ ಕೆರೆಯ ಚಿತ್ರ ಮೂಡಿತು. ಸ್ವರ್ಣಲತಾಳ ಕಸೂತಿಯ ಪ್ರೋಗ್ರಾಮು ಮಾತ್ರ ಮುಟ್ಟಿದರೂ ಏಳಲಿಲ್ಲ. “ಇದು ಈ ಆವೃತ್ತಿಯಲ್ಲಿ ನಡೆಯುವುದಿಲ್ಲ” ಎಂದಿತು. ಅದರ ಬೆನ್ನಿಗೇ ಇನ್ನೊಂದು ವಾಕ್ಯ: “ನಿಮ್ಮ ಕಂಪ್ಯೂಟರು ಹೊಸ ಆವೃತ್ತಿಗೆ ಯೋಗ್ಯವಾಗಿಲ್ಲ.”

ಹೊಸದಾಗು ಎಂದು ಪೀಡಿಸಿದ್ದೂ ಅದೇ, ಹೊಸದಾಗಲು ನೀನು ಯೋಗ್ಯನಲ್ಲ ಎಂದದ್ದೂ ಅದೇ. ಈ ಅನ್ಯಾಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಯಂತ್ರ ಮೌನವಾಗಿತ್ತು. ದಾಳಿಂಬೆ ಬಳ್ಳಿ ಒಂದು ಎಲೆಯ ನಡುವೆ ನಿಂತಿತ್ತು. ಸರ್ವೋತ್ತಮಣ್ಣನಿಗೆ ಕಾರ್ಕಳದಲ್ಲಿ ಹೆಂಡತಿ ತಲೆ ಎತ್ತಿ ಪಶ್ಚಿಮಕ್ಕೆ ನೋಡಿದ ಹಾಗೆ ಅನಿಸಿತು.

ಮರುದಿನ ಗುರುವಾರ. ಬೆಳಿಗ್ಗೆಯೇ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಅವರು ಗೇಟಿಗೆ ಬಂದರು. ಮಣಿಪಾಲದಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಚೈತಾಲಿ ಎಂಬ ಹುಡುಗಿಯ ಅಂಗಡಿ ಇದೆಯೆಂದು ಅವರು ಕೇಳಿದ್ದರು. ಹಸನಾಕನ ಕಣ್ಣು ತಪ್ಪಿಸಿ ಬೇರೆ ರಿಕ್ಷಾ ಹಿಡಿಯಬೇಕೆಂಬುದು ಅವರ ಯೋಜನೆ. ಅಡ್ಡರಸ್ತೆಯಲ್ಲಿ ಇಣುಕುವಷ್ಟರಲ್ಲಿ ಹಸನಾಕನ ರಿಕ್ಷಾವೇ ಬಂದು ನಿಂತಿತು.

“ಎಲ್ಲಿಗೆ ಸರ್ವೋತ್ತಮಣ್ಣ, ಬೆಳಿಗ್ಗೆ ಬೆಳಿಗ್ಗೆ?”

“ಮಣಿಪಾಲಕ್ಕೆ,” ಎಂದರು ಸರ್ವೋತ್ತಮಣ್ಣ. ನಿದ್ದೆಯಿಲ್ಲದ ಕಣ್ಣು, ಬೆವರಿದ ಹಣೆ, ಒಣಗಿದ ತುಟಿ.

ಪಕ್ಕದ ಮನೆಯ ಬರ್ತಾ ಬಾಯಿ ಹೂವಿಗೆ ನೀರು ಬಿಡುತ್ತಿದ್ದವರು ಪೈಪು ಕೆಳಗೆ ಹಾಕಿ ಓಡಿಬಂದರು. “ಜೆಜು! ಎಂತ ಆಯಿತು ಸರ್ವೋತ್ತಮ?”

“ಎಂತದೂ ಇಲ್ಲ ಬಾಯಿ. ನೀವು ಸ್ವರ್ಣನಿಗೆ ಮಾತ್ರ ಹೇಳಬೇಡಿ.”

ನಮ್ಮ ಕಡೆಯಲ್ಲಿ ಒಬ್ಬ ಮನುಷ್ಯ ಉಪವಾಸದ ಮುಖದಲ್ಲಿ, ಬೆಡ್‌ಶೀಟಿನ ಗಂಟು ಹಿಡಿದು, ರಿಕ್ಷಾ ಹತ್ತಿ ಮಣಿಪಾಲಕ್ಕೆಂದರೆ ಜನರು ಎಂತಕ್ಕೆ ಎಂದು ಕೇಳುವ ಪದ್ಧತಿ ಇಲ್ಲ. ಅಡ್ಮಿಟ್ ಆಗುವವರು ಹೊದಿಕೆ ತಾವೇ ಕೊಂಡುಹೋಗುವುದು. ಅದರ ಮೇಲೆ ಹೆಂಡತಿಗೆ ಹೇಳಬೇಡಿ ಎಂದರೆ ಕಾಯಿಲೆ ಯಾವುದೆಂದೂ ಹೇಳಿದ ಹಾಗೆ. ರಿಕ್ಷಾ ತಿರುವಿನಲ್ಲಿ ಮರೆಯಾಗುವ ಮೊದಲೇ ಬರ್ತಾ ಬಾಯಿ ಕಾರ್ಕಳಕ್ಕೆ ಫೋನ್ ಮಾಡಿದ್ದರು.

ದಾರಿಯಲ್ಲಿ ಹಸನಾಕ ಹೊಂಡ ಕಂಡಲ್ಲೆಲ್ಲ ರಿಕ್ಷಾವನ್ನು ತೊಟ್ಟಿಲಿನ ಹಾಗೆ ಇಳಿಸಿ ಹತ್ತಿಸಿದರು. ಮಾತಾಡಲಿಲ್ಲ. ಒಮ್ಮೆ ಮಾತ್ರ, “ನೋವು ಉಂಟಾ?” ಎಂದು ಕೇಳಿದರು.

“ಉಂಟು,” ಎಂದರು ಸರ್ವೋತ್ತಮಣ್ಣ. ಅದು ಸತ್ಯವಾಗಿತ್ತು.

“ನೀವು ಎಂತ ಹೆದರಬೇಡಿ. ಭಾನುವಾರ ನೌಶೀನಳ ಮದುವೆಯಲ್ಲಿ ನೀವು ಮುಂದಿನ ಸಾಲಿನಲ್ಲಿ ಕೂರಬೇಕು.”

ಸರ್ವೋತ್ತಮಣ್ಣ ಬೆಡ್‌ಶೀಟಿನ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಹಸನಾಕ ಯಾರನ್ನೂ ಕೇಳದೆ ರಿಕ್ಷಾವನ್ನು ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ಬಾಗಿಲಿಗೆ ತಂದು ನಿಲ್ಲಿಸಿದರು. “ಇಲ್ಲಿಗಲ್ಲ” ಎಂದು ಸರ್ವೋತ್ತಮಣ್ಣ ಹೇಳುವ ಮೊದಲೇ ಕಾವಲಿನವನು ಗಾಲಿಕುರ್ಚಿ ತಂದಿದ್ದ. ಕಾಕಿ ಬಟ್ಟೆಯವರು ಕೂತುಕೊಳ್ಳಿ ಎಂದರೆ ಕೂತುಕೊಳ್ಳುವುದು ಸರ್ವೋತ್ತಮಣ್ಣನ ಜನ್ಮದ ಅಭ್ಯಾಸ. ಕೂತರು. ಮಡಿಲಲ್ಲಿ ಕಂಪ್ಯೂಟರು. ಗಾಲಿಗಳು ಉರುಳಿದವು.

“ಹೆಸರು?” ಎಂದಳು ನರ್ಸ್.

“ಸರ್ವೋತ್ತಮ. ಆದರೆ ನನಗೆ ಎಂತದೂ ಇಲ್ಲ ಸಿಸ್ಟರ್.”

“ಎಲ್ಲರೂ ಮೊದಲು ಹಾಗೇ ಹೇಳುವುದು ಅಂಕಲ್. ಹೆದರಬೇಡಿ. ಆ ಗಂಟು ಇಲ್ಲಿ ಕೊಡಿ, ನಾನು ಇಡುತ್ತೇನೆ.”

“ಗಂಟು ಕೊಡುವುದಿಲ್ಲ!”

ಅವರ ಬೊಬ್ಬೆಗೆ ಪಕ್ಕದ ಮಂಚದಲ್ಲಿ ನಿಜವಾಗಿ ಹುಷಾರಿಲ್ಲದ ಒಬ್ಬರು ಎದ್ದು ಕೂತರು. ನರ್ಸ್ ಕೋಪಿಸಿಕೊಳ್ಳಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು, “ಸರಿ, ನಿಮ್ಮ ಹತ್ತಿರವೇ ಇರಲಿ. ಡಾಕ್ಟರು ಈಗ ಬರುತ್ತಾರೆ” ಎಂದು ಬೆನ್ನು ತಟ್ಟಿ ಹೋದಳು. ಸರ್ವೋತ್ತಮಣ್ಣ ನೀರು ಕುಡಿದು, ಶೌಚಾಲಯಕ್ಕೆಂದು ಎದ್ದು, ಇನ್ನೊಂದು ಬಾಗಿಲಿನಿಂದ ಗಂಟಿನೊಂದಿಗೆ ಹೊರಬಿದ್ದರು. ಅಷ್ಟು ಗುಣವಾದ ರೋಗಿ ಅಷ್ಟು ಬೇಗ ಹೊರಗೆ ಓಡಿದ್ದು ಆ ಆಸ್ಪತ್ರೆಯಲ್ಲಿ ಅಪರೂಪವೇ ಇರಬೇಕು.

ಚೈತಾಲಿಯ ಅಂಗಡಿ ಒಂದು ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿತ್ತು. ಸುತ್ತ ಹಾಸ್ಟೆಲ್ ಮಕ್ಕಳ ಒಡೆದ ಲ್ಯಾಪ್‌ಟಾಪುಗಳು. ಅವಳು ಬೆಡ್‌ಶೀಟು ಬಿಚ್ಚಿ ನೋಡಿದಳು, ಆಮೇಲೆ ಸರ್ವೋತ್ತಮಣ್ಣನನ್ನು ನೋಡಿದಳು, ಮೊದಲು ಅವರಿಗೆ ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟಳು.

“ಇದಕ್ಕೆ ಹೊಸದನ್ನು ಹಾಕಿದ್ದು ಯಾರು ಅಂಕಲ್?”

“ಅದೇ ಹಾಕಿಕೊಂಡಿತು. ಬೇಡ ಅನ್ನಲಿಕ್ಕೆ ಜಾಗವೇ ಇರಲಿಲ್ಲ ಮಗಾ.”

“ಗೊತ್ತುಂಟು. ಎಲ್ಲರದ್ದೂ ಇದೇ ಕಥೆ. ಪಾಪ, ಹಳೆಯ ಮಿಷನು, ಅದರ ಪಾಡಿಗೆ ಕೆಲಸ ಮಾಡಿಕೊಂಡು ಇತ್ತು.” ಅವಳು ಪೆಟ್ಟಿಗೆಯ ಮೈ ಸವರಿದಳು. “ಹಳೆಯದ್ದು ಒಳಗೇ ಎಲ್ಲಿಯಾದರೂ ಉಳಿದಿದ್ದರೆ ವಾಪಸು ತರಬಹುದು. ನಡುವೆ ಕರೆಂಟು ಹೋಗಿದೆ ಅಂತೀರಿ, ಹಾಗಾಗಿ ಗ್ಯಾರಂಟಿ ಇಲ್ಲ. ನಾಳೆ ಬೆಳಿಗ್ಗೆ ಹೇಳುತ್ತೇನೆ.”

ಅಷ್ಟರಲ್ಲಿ ಫೋನ್ ಬಂತು. ಸ್ವರ್ಣಲತಾಳ ತಮ್ಮ ಜಿತೇಶ್, ಕಾರ್ಕಳದಲ್ಲಿ ಔಷಧದ ಅಂಗಡಿ ಇಟ್ಟವನು.

“ಭಾವ! ಯಾವ ವಾರ್ಡು? ಹಾರ್ಟಾ?”

ಸರ್ವೋತ್ತಮಣ್ಣ ‘ಅಲ್ಲ ಮಾರಾಯ’ ಎನ್ನಲು ಬಾಯಿ ತೆರೆದರು. ಆದರೆ ಜಿತೇಶನ ಮಾತು ನಿಲ್ಲಲಿಲ್ಲ. “ಅಕ್ಕ ಅಳುತ್ತಾ ಇದ್ದಾಳೆ ಭಾವ. ನಿಮಗೆ ಇನ್ನು ಜನ್ಮದಲ್ಲಿ ಒಂದು ಜೋರು ಮಾತು ಹೇಳುವುದಿಲ್ಲ ಅಂತ ನಾಗನ ಕಟ್ಟೆಯಲ್ಲಿ ಕೈ ಮುಗಿದಿದ್ದಾಳೆ.”

ತೆರೆದ ಬಾಯಿ ತೆರೆದೇ ಉಳಿಯಿತು. ಒಂದು ಕಡೆಯಲ್ಲಿ ಸತ್ಯ, ಅದರ ಹಿಂದೆ ಸ್ವರ್ಣಲತಾ. ಇನ್ನೊಂದು ಕಡೆಯಲ್ಲಿ ಸಣ್ಣದೊಂದು ಕಾಯಿಲೆ, ಅದರ ಹಿಂದೆ ಜನ್ಮಪೂರ್ತಿ ಶಾಂತಿ. ಹೆದರುವ ಮನುಷ್ಯ ಇಂಥಲ್ಲಿ ತುಂಬ ಹೊತ್ತು ಯೋಚಿಸುವುದಿಲ್ಲ.

“ಸಣ್ಣದು, ಜಿತೇಶ,” ಎಂದರು ಕ್ಷೀಣವಾಗಿ. “ಮನೆಯಲ್ಲೇ ರೆಸ್ಟ್ ಸಾಕು ಅಂತ ಹೇಳಿದ್ದಾರೆ.”

ಆಸ್ಪತ್ರೆಯ ಗೇಟಿನಲ್ಲಿ ಹಸನಾಕ ಊಟ ಬಿಟ್ಟು ಕಾದು ಕೂತಿದ್ದರು. ಬಾಡಿಗೆಗೆಂದು ಸರ್ವೋತ್ತಮಣ್ಣ ಜೇಬಿಗೆ ಕೈ ಹಾಕಿದರೆ ಆ ಕೈಯನ್ನು ಹಿಡಿದು, “ನಿಮ್ಮ ಹತ್ತಿರ ಬಾಡಿಗೆಯಾ? ಎಂತ ಮಾತು!” ಎಂದರು. ಗಂಟು ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಸಂಜೆಯ ಹೊತ್ತಿಗೆ ಸರ್ವೋತ್ತಮಣ್ಣನ ಮಲಗುವ ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸ್ವರ್ಣಲತಾ ಬಂದವಳೇ ಅವರ ಕೈ ಹಿಡಿದು ಮಂಚದ ತುದಿಯಲ್ಲಿ ಕೂತಳು. ಬಯ್ಯಲಿಲ್ಲ. “ನೀವು ಒಂದು ಮಾತು ಹೇಳಬಾರದಿತ್ತಾ?” ಎಂದು ಮೆಲ್ಲಗೆ ಕೇಳಿದಳು. ಆ ಮೆಲುದನಿಯನ್ನು ಸರ್ವೋತ್ತಮಣ್ಣ ಮದುವೆಯಾದಂದಿನಿಂದ ಕೇಳಿರಲಿಲ್ಲ. ಅವರಿಗೆ ಈಗ ನಿಜವಾಗಿಯೂ ಎದೆ ಹೊಡೆದುಕೊಳ್ಳತೊಡಗಿತು.

“ಸ್ವಲ್ಪ ಒಳಗೆ ಹೋಗಿ ಸೀರೆ ಬದಲಿಸಿ ಬರುತ್ತೇನೆ,” ಎಂದು ಅವಳು ಎದ್ದರೆ, ಒಳಗೆ ಎಂದರೆ ಮಿಷನಿನ ಕೋಣೆಯನ್ನು ದಾಟಿಯೇ ಹೋಗಬೇಕಾದ್ದರಿಂದ, ಅವರು ಸೆರಗು ಹಿಡಿದು, “ಬೇಡ, ಇಲ್ಲೇ ಇರು” ಎಂದರು. ಬಂದವರೆಲ್ಲ ಕಣ್ಣೊರೆಸಿಕೊಂಡರು.

“ಎಷ್ಟು ಜೀವ ನೋಡಿ ಹೆಂಡತಿ ಮೇಲೆ!” ಎಂದರು ಬರ್ತಾ ಬಾಯಿ.

ಅತ್ತೆ ವಾರಿಜಕ್ಕ ಕಾರ್ಕಳದಿಂದಲೇ ಹರಕೆ ಹೊತ್ತುಕೊಂಡು ಬಂದಿದ್ದರು. “ಅಳಿಯ ಒಮ್ಮೆ ಎದ್ದು ನಡೆಯಲಿ. ಮಟ್ಟುಗುಳ್ಳ ಬದನೆಯಲ್ಲಿ ತುಲಾಭಾರ ಮಾಡಿಸುತ್ತೇನೆ ಅಂತ ಹೇಳಿಕೊಂಡಿದ್ದೇನೆ.”

“ಗುಳ್ಳದಲ್ಲಾ ಅಮ್ಮ?” ಎಂದ ಜಿತೇಶ್. “ಭಾವನ ತೂಕಕ್ಕೆ ಮಟ್ಟಿನ ಗದ್ದೆ ಪೂರ್ತಿ ಕೊಯ್ಯಬೇಕಾದೀತು.”

“ಅದಕ್ಕೇ ಈಗಿನಿಂದ ಬರೀ ಗಂಜಿ. ಉಪ್ಪು ಹಾಕದೆ. ತೂಕವೂ ಇಳಿಯುತ್ತದೆ, ಎದೆಗೂ ಒಳ್ಳೆಯದು.” ವಾರಿಜಕ್ಕನ ಭಕ್ತಿಯಲ್ಲಿ ಯಾವಾಗಲೂ ಲೆಕ್ಕಾಚಾರ ಇತ್ತು.

ಬರ್ತಾ ಬಾಯಿ ಕಿತ್ತಳೆ ಹಣ್ಣು ತಂದಿದ್ದರು, ಸುಲಿದು ಒಂದೊಂದೇ ತೊಳೆಯನ್ನು ಬೀಜ ತೆಗೆದು ಬಾಯಿಗೆ ಇಡುತ್ತಿದ್ದರು. ಎದುರುಮನೆಯವರು ಯಾವುದೋ ಬೇರಿನ ಕಷಾಯ ತಂದಿದ್ದರು. ಅದನ್ನು ಕುಡಿದ ಮೇಲೆ ಸರ್ವೋತ್ತಮಣ್ಣನಿಗೆ ಸತ್ಯ ಹೇಳಿಬಿಡುವುದೇ ಸುಖವೇನೋ ಎಂದು ಒಂದು ಗಳಿಗೆ ಅನಿಸಿತು. ಜಿತೇಶ್ ಮಾತ್ರ ಕೆಲಸದ ಮನುಷ್ಯ.

“ಫೈಲ್ ಎಲ್ಲಿ ಭಾವ? ಇಸಿಜಿ?”

“ಅವರೇ ಇಟ್ಟುಕೊಂಡಿದ್ದಾರೆ.”

“ಮಾತ್ರೆ ಎಂತ ಕೊಟ್ಟಿದ್ದಾರೆ?”

“ಎಂತದೂ ಕೊಡಲಿಲ್ಲ.”

ಜಿತೇಶನ ಮುಖ ಕಪ್ಪಿಟ್ಟಿತು. ಅಕ್ಕನನ್ನು ಬಾಗಿಲಿನ ಹತ್ತಿರ ಕರೆದು, ಸರ್ವೋತ್ತಮಣ್ಣನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ: “ಅಕ್ಕ, ಮಾತ್ರೆಯೂ ಕೊಡದೆ ಮನೆಗೆ ಕಳುಹಿಸುವುದು ಯಾವಾಗ ಅಂತ ನಿನಗೆ ಗೊತ್ತುಂಟಲ್ಲ?”

ಸ್ವರ್ಣಲತಾ ಗೋಡೆಗೆ ಒರಗಿದಳು. ತಮ್ಮ ಆಯುಸ್ಸು ಮುಗಿಯಿತೆಂಬ ಸುದ್ದಿಯನ್ನು ಸ್ವತಃ ಕೇಳಿದ ಸರ್ವೋತ್ತಮಣ್ಣನಿಗೆ, ಅದು ಸುಳ್ಳೆಂದು ಊರಿನಲ್ಲಿ ತಮಗೊಬ್ಬರಿಗೇ ಗೊತ್ತಿದ್ದರೂ, ಕೈಕಾಲು ತಣ್ಣಗಾಯಿತು. ವಾರಿಜಕ್ಕ ಪಾದ ಮುಟ್ಟಿ ನೋಡಿ, “ತಣ್ಣಗಾಗುತ್ತಾ ಉಂಟು!” ಎಂದು ಕೂಗಿದರು. ಬರ್ತಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

ಈ ಗದ್ದಲದ ನಡುವೆ ಹಸನಾಕ ಮಗಳೊಂದಿಗೆ ಬಂದರು. ನೌಶೀನಳ ಕೈಯಲ್ಲಿ ಆಗಲೇ ಮದರಂಗಿ ಇತ್ತು. ಮದುವೆ ಎದುರಿಗಿರುವಾಗ ಮದುಮಗಳನ್ನು ಹೊರಗೆ ಕಳಿಸುವುದಿಲ್ಲ, ಆದರೂ ಅವಳು ಹಟ ಮಾಡಿ ಬಂದಿದ್ದಳಂತೆ. ಅವಳನ್ನು ಕಂಡ ಕೂಡಲೇ ಸ್ವರ್ಣಲತಾ ಕಣ್ಣೊರೆಸಿಕೊಂಡು ಎದ್ದಳು.

“ನೌಶೀನ್, ನಿನ್ನ ದುಪಟ್ಟಾ ಎಂತ ಆದರೂ ಕೊಟ್ಟೇ ಕೊಡುತ್ತೇನೆ. ಅರ್ಧ ಆಗಿದೆ. ಬಾ, ತೋರಿಸುತ್ತೇನೆ.”

“ಬೇಡ!” ಎಂದು ಕಿರುಚಿದರು ಸರ್ವೋತ್ತಮಣ್ಣ, ಎದೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು.

ಎಲ್ಲರೂ ಮಂಚಕ್ಕೆ ಮುಗಿಬಿದ್ದರು. ಯಾರೋ ಕಿಟಕಿ ತೆರೆದರು, ಯಾರೋ ಕಾಲು ತಿಕ್ಕಿದರು, ಎದುರುಮನೆಯವರು ಪುನಃ ಕಷಾಯ ತಂದರು. ಗಲಾಟೆ ಸ್ವಲ್ಪ ಇಳಿದಾಗ ನೌಶೀನ್ ಸ್ವರ್ಣಲತಾಳ ಹತ್ತಿರ ಹೋಗಿ ಹೇಳಿದಳು:

“ಅಕ್ಕ, ನೀವು ಮಿಷನಿನ ಕೋಣೆಗೆ ಹೋಗುವುದೇ ಬೇಡ. ಅಂಕಲ್ ಹತ್ತಿರ ಇರಿ. ಉಮ್ಮನ ಮದುವೆಯ ದುಪಟ್ಟಾ ಉಂಟು, ಸ್ವಲ್ಪ ಹರಿದಿದೆ, ಮಡಿಚಿ ಹೊದ್ದುಕೊಂಡರೆ ಕಾಣುವುದಿಲ್ಲ. ನನಗೆ ಅದೇ ಸಾಕು.”

ಹೇಳುವಾಗ ಅವಳು ನಗುತ್ತಿದ್ದಳು. ಆದರೆ ತಿರುಗುವಾಗ ಅವಳ ಕಣ್ಣು ಒಂದೇ ಒಂದು ಸಲ ಮುಚ್ಚಿದ ಆ ಕೋಣೆಯ ಬಾಗಿಲಿನ ಕಡೆಗೆ ಹೋಗಿ ಬಂತು. ಉಳಿದವರು ನೋಡಲಿಲ್ಲ. ಮಲಗಿದ್ದ ಸರ್ವೋತ್ತಮಣ್ಣನಿಗೆ ನೋಡುವುದಲ್ಲದೆ ಬೇರೆ ಕೆಲಸ ಇರಲಿಲ್ಲ.

ಅವರು ಎದ್ದು ಕೂತರು.

“ನನಗೆ ಎಂತದೂ ಆಗಲಿಲ್ಲ,” ಎಂದರು. “ಆದದ್ದು ಕಂಪ್ಯೂಟರಿಗೆ. ಯಕ್ಷಗಾನ ನೋಡಲಿಕ್ಕೆ ಹೋಗಿ ನಾನು ಅದನ್ನು ಹಾಳು ಮಾಡಿದೆ. ಮಣಿಪಾಲಕ್ಕೆ ಹೋದದ್ದು ಅದು, ನಾನಲ್ಲ. ಬಳ್ಳಿ ಅರ್ಧದಲ್ಲಿ ನಿಂತಿದೆ.”

ವಾರಿಜಕ್ಕ ನಿಟ್ಟುಸಿರು ಬಿಟ್ಟರು.

“ತಲೆಗೆ ಹತ್ತಿತು.”

“ರಕ್ತ ಸರಿ ಹೋಗದಿದ್ದರೆ ಹೀಗೇ ಮಾತಾಡುವುದು,” ಎಂದ ಜಿತೇಶ್.

“ನಮ್ಮ ಮಗ ಟ್ರೆವರನ ಮಾವನೂ ಕಡೆಯ ದಿವಸ ಫ್ರಿಜ್ಜಿನ ವಿಷಯವೇ ಮಾತಾಡಿದ್ದು,” ಎಂದರು ಬರ್ತಾ ಬಾಯಿ. “ಪಾಪ ಸರ್ವೋತ್ತಮ, ಮಲಗು, ಮಲಗು.”

“ದೇವರಾಣೆ ಸತ್ಯ ಹೇಳುತ್ತಿದ್ದೇನೆ!”

“ಹೌದು ಹೌದು,” ಎಂದು ನಾಲ್ಕು ಕೈಗಳು ಅವರನ್ನು ಹಾಸಿಗೆಗೆ ಒತ್ತಿದವು. ಮನುಷ್ಯ ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ, ಸತ್ಯಕ್ಕೆ ಆಣೆ ಹಾಕಿದರೂ ಕಷಾಯವನ್ನೇ ಕುಡಿಸಿದರು.

ಸುಮ್ಮನೆ ನಿಂತಿದ್ದವರು ಹಸನಾಕ ಒಬ್ಬರೇ. “ಒಂದು ನಿಮಿಷ,” ಎಂದರು. “ಸರ್ವೋತ್ತಮಣ್ಣ, ಹೋಗುವಾಗ ಬೆಡ್‌ಶೀಟಿನ ಗಂಟು ಇತ್ತು. ಬರುವಾಗ ಇರಲಿಲ್ಲ. ಅದರೊಳಗೆ ಇದ್ದದ್ದು?”

“ಅದೇ ಹಸನಾಕ. ನಿಮ್ಮ ಮಗಳ ಬಳ್ಳಿ ಅದರೊಳಗೇ ಇರುವುದು.”

ಸ್ವರ್ಣಲತಾ ಎದ್ದು ಹೋದಳು. ಮಿಷನಿನ ಕೋಣೆಯ ಬಾಗಿಲು ತೆರೆದ ಸದ್ದು ಕೇಳಿಸಿತು. ಸರ್ವೋತ್ತಮಣ್ಣ ಚಾದರವನ್ನು ಮೂಗಿನವರೆಗೆ ಎಳೆದುಕೊಂಡರು. ಬಾಗಿಲು ಮುಚ್ಚಿದ ಸದ್ದು. ಹೆಜ್ಜೆಗಳು. ಚಾದರ ಕಣ್ಣಿನವರೆಗೆ ಬಂತು. ಜಿತೇಶ್, ಬರ್ತಾ ಬಾಯಿ, ಎದುರುಮನೆಯವರು, ಮಳೆ ಬರುವ ಮೊದಲು ಜಾಗ ಬಿಡುವ ಕಾಗೆಗಳ ಹಾಗೆ ಒಬ್ಬೊಬ್ಬರೇ ಗೋಡೆಯ ಕಡೆಗೆ ಸರಿದರು.

ಸ್ವರ್ಣಲತಾ ಮಂಚದ ಹತ್ತಿರ ಬಂದು ನಿಂತಳು.

“ಕಾರ್ಕಳದಿಂದ ಇಲ್ಲಿಯವರೆಗೆ, ನಾನು ಬರುವಷ್ಟರಲ್ಲಿ ನೀವು ಇರುತ್ತೀರೋ ಇಲ್ಲವೋ ಅಂತ ಹೆದರಿಕೊಂಡು ಬಂದೆ,” ಎಂದಳು. “ಅಷ್ಟು ಹೆದರಿದ ಮೇಲೆ ಇನ್ನು ಒಂದು ಕಂಪ್ಯೂಟರಿಗೆ ಎಂತ ಹೆದರುವುದು? ಏಳಿ. ಆ ಗಂಜಿ ಚೆಲ್ಲಿ, ಊಟ ಮಾಡಿ.” ಆಮೇಲೆ ಹಸನಾಕನ ಕಡೆ ತಿರುಗಿದಳು. “ಹಸನಾಕ, ನಿಮ್ಮ ಮಗಳ ದುಪಟ್ಟಾ ಹಾಳಾದರೆ ತಪ್ಪು ನಮ್ಮದು.”

ಹಸನಾಕ ಗಡ್ಡ ಸವರಿಕೊಂಡರು. “ನಾಳೆ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ಸರ್ವೋತ್ತಮಣ್ಣ, ಈ ಸಲ ಹೊಂಡ ತಪ್ಪಿಸುವುದಿಲ್ಲ.”

ತಪ್ಪಿಸಲಿಲ್ಲ. ಆದರೆ ವಾಪಸು ಬರುವಾಗ, ಕಂಪ್ಯೂಟರು ಮಡಿಲಲ್ಲಿದ್ದಾಗ, ಹೋದ ಸಲಕ್ಕಿಂತ ಮೆಲ್ಲಗೆ ಬಂದರು. ಚೈತಾಲಿ ಹಳೆಯದನ್ನು ಹುಡುಕಿ ತೆಗೆದಿದ್ದಳು. “ಕಸೂತಿಯ ಪ್ರೋಗ್ರಾಮು ಎದ್ದಿದೆ ಅಂಕಲ್. ಆದರೆ ನಿಮ್ಮ ಮಿಷನಿಗೆ ಜೋಡಿಸಿದರೆ ನಡೆಯುತ್ತದೋ ಇಲ್ಲವೋ ನನಗೆ ಇಲ್ಲಿಂದ ಹೇಳಲಿಕ್ಕಾಗುವುದಿಲ್ಲ. ನೆಟ್ ಮಾತ್ರ ಕೊಡಬೇಡಿ,” ಎಂದು ಅದೇ ಬೆಡ್‌ಶೀಟನ್ನು ನೀಟಾಗಿ ಸುತ್ತಿಕೊಟ್ಟಿದ್ದಳು.

ರೋಗಿಯನ್ನು ನೋಡಲು ಬಂದವರೆಲ್ಲ ಈಗ ಮಿಷನಿನ ಕೋಣೆಯ ಬಾಗಿಲಿನಲ್ಲಿ ನಿಂತರು. ಸ್ವರ್ಣಲತಾ ವಯರುಗಳನ್ನು ಜೋಡಿಸಿದಳು. ಪರದೆ ಕಪ್ಪಾಗಿ ನಿಂತಿತು. ವಾರಿಜಕ್ಕನ ತುಟಿ ಅಲ್ಲಾಡುತ್ತಿತ್ತು. ಪರದೆ ಬೆಳಗಿತು. ಬೆಳಗಿದ ಕೂಡಲೇ ನಡುಮಧ್ಯದಲ್ಲಿ ಆ ನೀಲಿ ಚೌಕ ಎದ್ದು ಬಂತು: “ನೀವು ಅಪಾಯದಲ್ಲಿದ್ದೀರಿ.”

“ಬಂತು!” ಎಂದು ಸರ್ವೋತ್ತಮಣ್ಣ ಬಾಗಿಲಿನ ಹಿಂದೆ ಹೋದರು.

ಸ್ವರ್ಣಲತಾ ಅದನ್ನು ಓದಲೂ ಇಲ್ಲ. ಚೌಕದ ಕಿವಿ ಹಿಡಿದು ಪರದೆಯ ಮೂಲೆಗೆ ಎಳೆದು, ಒಂದು ತುದಿ ಮಾತ್ರ ಕಾಣುವ ಹಾಗೆ ಹೊರಗೆ ತಳ್ಳಿದಳು. ಅದು ಅಲ್ಲೇ ಬಿದ್ದಿತ್ತು. ಆಮೇಲೆ ಕಸೂತಿಯ ಪ್ರೋಗ್ರಾಮನ್ನು ತೆರೆದು, ಬಳ್ಳಿ ನಿಂತ ಎಲೆಯನ್ನು ಹುಡುಕಿ, ಉಸಿರು ಹಿಡಿದು ಒಂದು ಕೀಲಿ ಒತ್ತಿದಳು.

ಎಂತದೂ ಆಗಲಿಲ್ಲ.

ನೌಶೀನ್ ತಂದೆಯ ತೋಳು ಹಿಡಿದುಕೊಂಡಳು. ಯಂತ್ರ ಒಮ್ಮೆ ಕೆಮ್ಮಿತು. ಸೂಜಿ ಕೆಳಗಿಳಿಯಿತು, ಮೇಲೆದ್ದಿತು, ನಿಂತಿತು. ಆಮೇಲೆ ಏನೋ ನೆನಪಾದ ಹಾಗೆ ಟಕ್ಕಟಕ್ಕಟಕ್ಕೆಂದು ಓಡತೊಡಗಿತು. ಅರ್ಧದ ಎಲೆ ಪೂರ್ತಿ ಎಲೆಯಾಯಿತು.

“ನೀವು ಆ ಕುರ್ಚಿಯಲ್ಲಿ ಕೈ ಕಟ್ಟಿ ಕೂರಿ,” ಎಂದಳು ಸ್ವರ್ಣಲತಾ ಗಂಡನಿಗೆ, ಹಳೆಯ ದನಿಯಲ್ಲಿ. “ಉಸಿರಾಡಬಹುದು. ಬೇರೆ ಎಂತದೂ ಮಾಡಬೇಡಿ.” ಆ ದನಿ ಕೇಳಿ ಸರ್ವೋತ್ತಮಣ್ಣನಿಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣು ತುಂಬಿತು.

ಭಾನುವಾರ ಮದುಮಗಳು ಕಾರಿನಿಂದ ಇಳಿಯುವಾಗ ದುಪಟ್ಟಾ ಬಿಸಿಲಿಗೆ ಹೊಳೆಯಿತು. ಬಳ್ಳಿ ಎಲ್ಲಿ ನಿಂತಿತ್ತೆಂದು ಸರ್ವೋತ್ತಮಣ್ಣ ದೂರದಿಂದ ಹೆದರಿ ಹೆದರಿ ಹುಡುಕಿದರು. ಗೊತ್ತಾಗಲಿಲ್ಲ.

ಗಂಡಸರ ಊಟದ ಸಾಲಿನಲ್ಲಿ ಅವರಿಗೆ ಮುಂದಿನ ಜಾಗವೇ ಸಿಕ್ಕಿತು. ಆದರೆ ಕಾಯಿಲೆಯ ಸುದ್ದಿ ಕಾಪು ದಾಟಿ ಉಡುಪಿಯವರೆಗೆ ಹೋಗಿತ್ತು. ಗುಣವಾದ ಸುದ್ದಿಯ ಹಿಂದೆ ಯಾರೂ ಅಷ್ಟು ಓಡಿರಲಿಲ್ಲ. ಬಿರಿಯಾನಿಯ ಪಾತ್ರೆ ಅವರ ಎದುರಿಗೆ ಬಂದು, ಒಮ್ಮೆ ಕನಿಕರದಿಂದ ನಿಂತು, ಮುಂದೆ ಹೋಯಿತು. ಕೋಳಿ ಹೋಯಿತು. “ನಿಮಗೆ ಇದೆಲ್ಲ ಆಗುವುದಿಲ್ಲ ಅಲ್ವಾ, ಪಾಪ,” ಎಂದು ಪಕ್ಕದ ದೊಡ್ಡ ಮನುಷ್ಯರು ತಮ್ಮ ತಟ್ಟೆಯಿಂದ ಸೌತೆಕಾಯಿಯನ್ನೂ ಅವರಿಗೇ ಕೊಟ್ಟರು. ಇಷ್ಟು ಪ್ರೀತಿಯ ನಡುವೆ ಸರ್ವೋತ್ತಮಣ್ಣ ಹಸಿದು ಕೂತಿದ್ದರು. ಕಾಯಿಲೆ ಆಗಲಿಲ್ಲ ಎಂದು ಹೇಳಬೇಕಾದರೆ ನಿಜವಾಗಿ ಆದದ್ದನ್ನು ಹೇಳಬೇಕಿತ್ತು.

ಹಸನಾಕ ತಾವೇ ಸೌಟು ಹಿಡಿದು ಸಾಲಿಗೆ ಬಂದರು. ಸರ್ವೋತ್ತಮಣ್ಣ ತಟ್ಟೆಯ ಮೇಲೆ ಬಗ್ಗಿದರು. ಇಡೀ ಸಭೆಯ ಎದುರು ಇವರು ಬಾಯಿ ಬಿಟ್ಟರೆ? ಹಸನಾಕ ಖಾಲಿ ತಟ್ಟೆ ನೋಡಿದರು, ಸೌತೆಕಾಯಿ ನೋಡಿದರು, ಸೌಟು ತುಂಬಿಸಿದರು.

“ಓಯ್, ಇವರಿಗೆ ಹಾಕಬಾರದು ಮಾರಾಯ್ರೆ! ಹಾರ್ಟಿನವರು!” ಎಂದು ಪಕ್ಕದವರು ಕೈ ಅಡ್ಡ ಹಿಡಿದರು.

“ಇವರ ಹಾರ್ಟಿಗೆ ಎಂತದೂ ಆಗಿಲ್ಲ,” ಎಂದರು ಹಸನಾಕ. “ನಾನು ನೋಡಿದ್ದೇನೆ.”

“ನೀವು ಡಾಕ್ಟರಾ?”

“ಅಲ್ಲ, ಮದುಮಗಳ ಅಪ್ಪ. ಕೈ ತೆಗೆಯಿರಿ,” ಎಂದು ಅವರು ಬಡಿಸಿದರು.